ದಾರಿಯಲ್ಲಿ ಸುಸ್ತಾದ ಫ್ರಿಜ್ಜು

“ಫ್ರಿಜ್ಜು ದಾರೀಲಿ ಸುಸ್ತಾಗಿ ಕೂತ್ಬಿಟ್ಟಿದೆಯಂತೆ ಕಣೇ ಚಂದ್ರಿ, ಪಾಪ!” ಎನ್ನುತ್ತ ಗೌರಾಂಬಕ್ಕ ನನ್ನ ಟೀ ಅಂಗಡಿಗೆ ನುಗ್ಗಿದಳು. ಒಂದು ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು, ಇನ್ನೊಂದು ಕೈಯಲ್ಲಿ ಮಂಡಿ. ಅವಳಿಗೆ ಮಂಡಿನೋವು, ಆತುರವಾದಾಗ ಮಂಡಿಯನ್ನು ಹಿಡಿದುಕೊಂಡೇ ನಡೆಯುತ್ತಾಳೆ. ಬಂದವಳು ಎಂದಿನಂತೆ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಯಾವ ಫ್ರಿಜ್ಜಕ್ಕ?”

“ನಂದು ಕಣೇ. ನನಗೆ ಬಂದಿರೋ ಬಹುಮಾನ. ಫಸ್ಟ್ ಪ್ರೈಜು! ಎರಡು ಬಾಗಿಲಿಂದಂತೆ, ಕೆಂಪು ಬಣ್ಣವಂತೆ. ಅಲ್ಲಿಂದ ಹೊರಟಿದೆಯಂತೆ, ಚೆಕ್‌ಪೋಸ್ಟ್ ಹತ್ರ ನಿಂತ್ಬಿಟ್ಟಿದೆಯಂತೆ.”

ಅಂಗಡಿಯಲ್ಲಿ ಆಗ ಇನ್ನಿಬ್ಬರಿದ್ದರು. ಬೆಂಚಿನ ಮೇಲೆ ಹಾರ್ಡ್‌ವೇರ್ ಅಂಗಡಿಯ ಭುಜಂಗಪ್ಪನವರು, ಒಂದು ಲೋಟ ಟೀಯನ್ನು ಪೇಪರಿನ ಕೊನೆಯ ಪುಟದವರೆಗೂ ಎಳೆಯುವವರು. ಬಾಗಿಲಿಗೆ ಒರಗಿ ಬಸ್ಸಿನ ಕಂಡಕ್ಟರ್ ಗಫೂರಣ್ಣ. ಇಬ್ಬರೂ ಒಟ್ಟಿಗೇ “ಅಯ್ಯೋ ಪಾಪ” ಅಂದರು. ಬೇರೆ ಊರಿನಲ್ಲಾಗಿದ್ದರೆ ನಗುತ್ತಿದ್ದರೋ ಏನೋ. ನಮ್ಮಲ್ಲಿ ದಾರಿಯಲ್ಲಿ ಸುಸ್ತಾದ ವಸ್ತು ಎಂದರೆ ಯಾರೂ ನಗುವುದಿಲ್ಲ.

ನಮ್ಮೂರಿನಲ್ಲಿ ಯಾರ ವಸ್ತುವೋ ಅವರ ಮನೆಗೆ ಅದು ತಾನೇ ಬರುತ್ತದೆ. ಸಂತೆಯಲ್ಲಿ ಮರೆತ ಕೊಡೆ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಬರುತ್ತದೆ. ಬಾವಿಕಟ್ಟೆಯಲ್ಲಿ ಬಿಟ್ಟ ಬಿಂದಿಗೆ ಉರುಳಿಕೊಂಡು ಬರುತ್ತದೆ. ಚಪ್ಪಲಿಗಳು ಜೋಡಿಯಾಗಿ ಬರುತ್ತವೆ, ನಾಯಿ ಅಟ್ಟಿಸಿಕೊಂಡು ಬಂದರೆ ಓಡಿ ಬರುತ್ತವೆ. ಅದಕ್ಕೇ ಪ್ರತಿ ಮನೆಯ ಹೊಸಿಲಿಗೂ ಒಂದು ಇಳಿಜಾರು ಹಲಗೆ ಹಾಕಿರುತ್ತೇವೆ. ದಾರಿಯಲ್ಲಿ ಏನಾದರೂ ಎಡವಿ ನಿಂತಿದ್ದರೆ ಕಂಡವರು ಕೈ ಕೊಟ್ಟು ದಾಟಿಸಬೇಕು. ಯಾರದ್ದು, ಎಲ್ಲಿತ್ತು, ಎಲ್ಲಿಗೆ ಹೊರಟಿದೆ ಎಂದೆಲ್ಲ ಕೆದಕಬಾರದು. ಎರವಲು ತಂದದ್ದರ ಕಥೆ ಬೇರೆ. ತಂದವರು ಮರ್ಯಾದೆಯಾಗಿ ತಿರುಗಿ ಕೊಡದಿದ್ದರೆ, ಮನೆಗೆ ನೆಂಟರು ಬಂದು ಊಟಕ್ಕೆ ಕೂತಿರುವಾಗಲೇ ಪಕ್ಕದ ಮನೆಯ ಜರಡಿ ಗೋಡೆಯಿಂದ ಇಳಿದು, ಎಲ್ಲರ ಎಲೆಯ ಮುಂದೆ ಹಾದು ಹೊರಟುಹೋಗುತ್ತದೆ. ಆಮೇಲೆ ಪಾಯಸ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

ಕೊಟ್ಟದ್ದರ ಲೆಕ್ಕ ಇನ್ನೂ ಸೂಕ್ಷ್ಮ. ಮನಸ್ಸಿಟ್ಟು ಕೊಟ್ಟದ್ದು ಕೊಟ್ಟವರನ್ನು ಮರೆತು ಇಸಕೊಂಡವರ ಮನೆಯಲ್ಲೇ ಉಳಿಯುತ್ತದೆ. ಮನಸ್ಸಿಲ್ಲದೆ ಕೊಟ್ಟದ್ದು ಉಳಿಯುವುದಿಲ್ಲ. ಭುಜಂಗಪ್ಪನವರು ತಂಗಿಯ ಮಗಳ ಮದುವೆಗೆ ಮುಯ್ಯಿ ಮಾಡಿದ ಸ್ಟೀಲ್ ಡಬರಿ, ಅವರು ಊಟ ಮುಗಿಸಿ ಹೊರಡುವಾಗ ಹಿಂದೆಯೇ ಬಂದು ಬಸ್ಸು ಹತ್ತಿತ್ತು. ಗಫೂರಣ್ಣ ಅದಕ್ಕೂ ಒಂದು ಟಿಕೆಟ್ ಹರಿದು, “ಹಾಫ್ ಟಿಕೆಟ್ ಸಾಕು ಬಿಡಿ ಭುಜಂಗಪ್ಪನೋರೇ, ಇನ್ನೂ ಚಿಕ್ಕದು” ಅಂದಿದ್ದರು.

ಇದೆಲ್ಲ ಹೊಳೆಯ ಸೇತುವೆಯ ಈಚೆಗೆ. ಆಚೆ ದಡದಲ್ಲಿ ವಸ್ತುಗಳಿಗೆ ನೆನಪು ಮಂದ. ಒಂದೆರಡು ಹೆಜ್ಜೆ ಇಟ್ಟು, ಎಲ್ಲಿಗೆ ಹೊರಟಿದ್ದೆ ಎಂದು ಮರೆತು, ನಿಂತುಬಿಡುತ್ತವೆ. ಯಾರಾದರೂ ಎತ್ತಿಕೊಂಡು ಬಂದು ಸೇತುವೆ ದಾಟಿಸಿದರೆ ತಟ್ಟನೆ ಎಚ್ಚರಾಗುತ್ತವೆ. ಗಫೂರಣ್ಣ ಹಾಗೆ ಬಸ್ಸಿನಲ್ಲಿ ಹಾಕಿಕೊಂಡು ಬಂದದ್ದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಒಂದು ಫ್ರಿಜ್ಜು ದೂರದ ಚೆಕ್‌ಪೋಸ್ಟಿನಲ್ಲಿ ದಿಕ್ಕು ತೋಚದೆ ನಿಂತಿದೆ ಎಂದರೆ ನಂಬದಿರಲು ನಮಗೆ ಕಾರಣವೇ ಇರಲಿಲ್ಲ.

ಗೌರಾಂಬಕ್ಕನಿಗಂತೂ ಇರಲೇ ಇಲ್ಲ. ಅವಳ ಮನೆಯ ಹಲಗೆ ಊರಿನಲ್ಲೇ ಅಗಲವಾದದ್ದು. ಕಳೆದುಕೊಳ್ಳುವಂಥ ಸಾಮಾನು ಅವಳ ಹತ್ತಿರ ಅಷ್ಟೇನೂ ಇಲ್ಲ. ಹಲಗೆ ಹಾಕಿಸಿದ್ದು ಬಹುಮಾನಕ್ಕೆ. ಮದುವೆಯಾದಾಗಿನಿಂದ ಅವಳು ಸ್ಪರ್ಧೆಗಳಿಗೆ ಬರೆಯುತ್ತಿದ್ದಾಳೆ. ಸೋಪಿನ ಸುತ್ತುಕಾಗದ ಕಳಿಸಿ, ಬಿಸ್ಕತ್ತಿನ ಪೊಟ್ಟಣದ ಮೂಲೆ ಕತ್ತರಿಸಿ ಕಳಿಸಿ, ನಮ್ಮ ಹಲ್ಲುಪುಡಿ ನಿಮಗೇಕೆ ಇಷ್ಟ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಗಂಡ ಇರುವವರೆಗೂ, “ನಿನ್ನ ಅಂಚೆಚೀಟೀಲಿ ಒಂದು ಎಮ್ಮೆ ಕಟ್ಟಬಹುದಿತ್ತು ಕಣೇ” ಎಂದು ರೇಗಿಸುತ್ತಿದ್ದರು. ಆದರೆ ಪೋಸ್ಟ್ ಡಬ್ಬಿಗೆ ಹಾಕಿ ಬರುತ್ತಿದ್ದವರೂ ಅವರೇ. ಇವತ್ತಿನವರೆಗೆ ಒಂದು ಬಾಚಣಿಗೆಯೂ ಬಂದಿಲ್ಲ. ಆದರೂ ದಿನಾ ಬೆಳಿಗ್ಗೆ ಹಲಗೆ ಗುಡಿಸಿ, ಅದರ ಮೇಲೂ ಒಂದೆಳೆ ರಂಗೋಲಿ ಎಳೆಯುತ್ತಾಳೆ.

“ಫೋನಲ್ಲಿ ಏನಂದ್ರು, ಸರಿಯಾಗಿ ಹೇಳಕ್ಕ,” ಅಂದೆ.

“ವಿಕ್ರಾಂತ್ ಅಂತೆ ಹೆಸರು. ಒಳ್ಳೇ ಮರ್ಯಾದಸ್ಥ. ಮಾತಿಗೊಂದ್ ಸಲ ಮೇಡಂ ಅಂತಾನೆ. ಮುಂದಕ್ಕೆ ಬಿಡ್ತಿಲ್ಲ ಮೇಡಂ, ಚಾರ್ಜು ಕಟ್ಟಬೇಕು ಅಂದ. ಯಾಕಪ್ಪ ನಿಂತಿತು, ಕಾಲು ನೋವಾ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ಹಾಗೇ ಅಂದ್ಕೊಳ್ಳಿ ಮೇಡಂ ಅಂದ. ಬಿಸಿಲಲ್ಲಿ ನಿಂತಿದೆಯಾ ಅಂದೆ. ಬಿಸಿಲಲ್ಲೇ ಮೇಡಂ ಅಂದ. ಫ್ರಿಜ್ಜು ಕಣೇ ಚಂದ್ರಿ! ತಣ್ಣಗಿರಬೇಕಾದ ಜೀವ!”

“ಚಾರ್ಜಿಗೆ ಏನಂದೆ?”

“ದುಡ್ಡು ನನ್ನ ಹತ್ರ ಎಲ್ಲಪ್ಪ, ಅದಕ್ಕೆ ಬೇಕಾದ ಸಾಮಾನು ಕಳಿಸ್ತೀನಿ ಅಂದೆ. ಆಚೆ ಊರಿನ ಬಸ್‌ಸ್ಟ್ಯಾಂಡಿಗೆ ಅವನೇ ಬಂದು ಇಸ್ಕೋತಾನಂತೆ.”

ಅಷ್ಟು ಕೇಳಿದ್ದೇ ಬೀದಿಗೆ ಬೀದಿಯೇ ಎದ್ದಿತು. ಹೊತ್ತು ಮುಳುಗಿದರೆ ಚಳಿಯಾದೀತೆಂದು ನಾನು ಮನೆಯ ಕಂಬಳಿ ತಂದೆ. ಕಾಲಿಗೆ ಕಟ್ಟಲು ಯಾರೋ ಗೋಣಿತಾಟು ತಂದರು. ಬಾಗಿಲ ಕೀಲಿಗೆ ಹಚ್ಚಲು ಹರಳೆಣ್ಣೆ, ಎಳೆದು ತರಲು ಹಗ್ಗ, ದೃಷ್ಟಿಯಾಗದಿರಲೆಂದು ಒಂದು ನಿಂಬೆಹಣ್ಣು. ಬಿಸಿಲಿಗೆ ಏನು ಮಾಡುವುದು ಎಂದು ಮಾತು ಬಂದಾಗ ಎಲ್ಲರ ಕಣ್ಣೂ ಭುಜಂಗಪ್ಪನವರ ಪಕ್ಕದಲ್ಲಿ ಒರಗಿದ್ದ ಮರದ ಹಿಡಿಯ ದೊಡ್ಡ ಕೊಡೆಯ ಕಡೆ ತಿರುಗಿತು.

“ಇದು ನಮ್ಮ ತಂದೆಯವರ ಕಾಲದ್ದು,” ಅಂದರು ಭುಜಂಗಪ್ಪನವರು.

“ಅದಕ್ಕೇ ಗಟ್ಟಿಯಾಗಿದೆ,” ಅಂದರು ಗಫೂರಣ್ಣ.

“ಮಳೆ ಬಂದರೆ ನಾನೇನು ಮಾಡಲಿ?”

“ನೀವು ಫ್ರಿಜ್ಜೇನ್ರೀ? ಒಣಗಿಸಿದ್ರೆ ಆಯ್ತಪ್ಪ,” ಅಂದಳು ಗೌರಾಂಬಕ್ಕ. ಎಲ್ಲರೂ ನಕ್ಕರು. ಆ ನಗೆಯ ನಡುವೆ ಕೊಡೆ ಕೈಯಿಂದ ಕೈಗೆ ದಾಟಿ ಬಸ್ಸಿನೊಳಗೆ ಹೋಯಿತು. ಭುಜಂಗಪ್ಪನವರು ಬಸ್ಸು ಸೇತುವೆ ದಾಟುವವರೆಗೂ ನೋಡುತ್ತಲೇ ನಿಂತಿದ್ದರು.

ಸಂಜೆ ಗಫೂರಣ್ಣ ವರದಿ ತಂದರು. “ಕಪ್ಪು ಕನ್ನಡಕದ ಮನುಷ್ಯ. ಗಂಟು ಬಿಚ್ಚಿ ನೋಡಿದ. ಗೋಣಿತಾಟು ನೋಡಿದ, ನಿಂಬೆಹಣ್ಣು ನೋಡಿದ, ನನ್ನ ಮುಖ ನೋಡಿದ. ಇಷ್ಟೇನಾ ಅಂದ. ಕಾಲಿಗೆ ಮೆತ್ತಗೆ ಕಟ್ಟಿ ಸಾರ್, ಬಿಗಿ ಮಾಡ್ಬೇಡಿ ಅಂದೆ. ಕೊಡೆ ಮಾತ್ರ ತಕ್ಷಣ ಬಿಚ್ಚಿಕೊಂಡ.”

ನನಗೆ ಆಗಲೇ ಏನೋ ಒಂದು ಚುಚ್ಚಿತು. ಆದರೆ ಗೌರಾಂಬಕ್ಕ ಸ್ಟೂಲಿನ ಮೇಲೆ ಕೂತು, ಫ್ರಿಜ್ಜಿನಲ್ಲಿ ಮೊದಲು ಏನಿಡುವುದು ಎಂದು ಬೆರಳು ಮಡಚುತ್ತಿದ್ದಳು, ಮಜ್ಜಿಗೆಯೋ, ಮಲ್ಲಿಗೆಯೋ. ಆ ಮುಖ ನೋಡಿ ಸುಮ್ಮನಾದೆ. ಆ ಸ್ಟೂಲಿನ ವಿಷಯವನ್ನೂ ಒಂದಿಷ್ಟು ಹೇಳಬೇಕು. ಹಲಸಿನ ಮರದ್ದು, ನಮ್ಮ ಮಾವನವರು ಮಾಡಿಸಿದ್ದು, ಅಂಗಡಿಗೆ ಬಂದವರಿಗೆಲ್ಲ ಅದರ ಮೇಲೇ ಕಣ್ಣು. ಬೆಂಚಿನಲ್ಲಿ ಕೂತರೆ ಬೀದಿ ಮಾತ್ರ ಕಾಣುತ್ತದೆ. ಸ್ಟೂಲಿನಲ್ಲಿ ಕೂತರೆ ಬೀದಿಯೂ ಕಾಣುತ್ತದೆ, ಒಲೆಯ ಬಿಸಿಯೂ ಸಿಗುತ್ತದೆ, ನನ್ನ ಜೊತೆ ಪಿಸುಮಾತಿಗೂ ಆಗುತ್ತದೆ. ಭುಜಂಗಪ್ಪನವರು ಅದನ್ನು ಕೊಡು ಎಂದು ಬಾಯಿಬಿಟ್ಟೇ ಕೇಳಿದ್ದಾರೆ. ಕೊಟ್ಟಿರಲಿಲ್ಲ.

ಮರುದಿನ ಗೌರಾಂಬಕ್ಕ ಬಂದದ್ದು ಬೇರೆ ನಡಿಗೆಯಲ್ಲಿ. ಸುತ್ತ ನೋಡಿ, ನನ್ನ ಕಿವಿಗೆ ಬಾಯಿಟ್ಟು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ, “ಯಾರಿಗೂ ಹೇಳ್ಬಾರದಂತೆ ಕಣೇ!” ಅಂದಳು.

“ಏನನ್ನ?”

“ಗೊತ್ತಾದರೆ ಸೆಕೆಂಡ್ ಪ್ರೈಜಿನೋರು ಫ್ರಿಜ್ಜು ತಮ್ಮ ಕಡೆ ತಿರುಗಿಸ್ಕೊಂಡ್ಬಿಡ್ತಾರಂತೆ. ಇವತ್ತೇ ಮಾಡಬೇಕಂತೆ, ನಾಳೆಗೆ ಆಗಲ್ವಂತೆ. ದುಡ್ಡಿಲ್ಲದಿದ್ದರೆ ಚಿನ್ನವಾದರೂ ನಡೆಯುತ್ತಂತೆ. ನನಗೆ ಮಂಡಿನೋವು, ಹೊಳೆ ದಾಟಿ ಬರಲಾರೆ ಅಂದೆ. ಮಧ್ಯಾಹ್ನದ ಬಸ್ಸಿಗೆ ಅವನೇ ಬರ್ತಾನೆ.” ಹೀಗೆಂದು ಸೊಂಟದಿಂದ ಒಂದು ಸಣ್ಣ ಗಂಟು ತೆಗೆದು ಬಿಚ್ಚಿದಳು. ಬುಗುಡಿ. ಅವಳ ಅಮ್ಮನದು. ಕಿವಿಯ ಮೇಲಂಚಿಗೆ ಹಾಕುವ ಆ ಜೋಡಿಯೊಂದೇ ಅವಳ ಬದುಕಿನಲ್ಲಿ ಉಳಿದ ಚಿನ್ನ. ಯಾರ ಮದುವೆಗೇ ಹೋಗಲಿ, ಬೇರೆ ಒಡವೆ ಇಲ್ಲದಿದ್ದರೂ, ಅವೆರಡು ಇದ್ದರೆ ಸಾಕು, ಗೌರಾಂಬಕ್ಕ ಮಂಟಪದಲ್ಲಿ ಮುಂದಿನ ಸಾಲಿನಲ್ಲೇ ಕೂರುವವಳು.

ನನಗೆ ತಡೆಯಲಾಗಲಿಲ್ಲ. “ಅಕ್ಕ, ನೀನು ಹುಟ್ಟಿದ್ದು ಈ ಊರಲ್ಲೇ ತಾನೇ? ನಮ್ಮದು ನಮ್ಮ ಮನೆಗೆ ಬರೋಕೆ ಚಿನ್ನ ಕೇಳಿದ್ದು ಎಲ್ಲಾದರೂ ಕೇಳಿದ್ಯಾ? ನನ್ನ ಬಿಂದಿಗೆ ಬಾಗಿಲಲ್ಲಿ ನಿಂತ್ಕೊಂಡು, ಚಾರ್ಜು ಕೊಟ್ಟರೆ ಒಳಗೆ ಬರ್ತೀನಿ ಚಂದ್ರಿ ಅಂತ ಒಂದ್ ದಿನ ಅಂದಿದೆಯಾ?”

“ಫ್ರಿಜ್ಜು ಎಲ್ಲಿ, ನಿನ್ನ ಸೊಟ್ಟ ಬಿಂದಿಗೆ ಎಲ್ಲಿ!”

“ಯಾರಿಗೂ ಹೇಳ್ಬೇಡಿ ಅಂತಾನಲ್ಲ, ಇಲ್ಲಿ ಬರೋದೆಲ್ಲ ನಡುಬೀದೀಲೇ ಬರುತ್ತೆ. ಮುಚ್ಚಿಟ್ಟುಕೊಂಡು ಬಂದದ್ದು ಯಾವುದಿದೆ ಹೇಳು. ಈವತ್ತೇ ಆಗಬೇಕು ಅಂತಾನೆ. ಭುಜಂಗಪ್ಪನೋರ ಕನ್ನಡಕ ಪಕ್ಕದ ಬೀದಿಯಿಂದ ಬರೋಕೆ ಒಂದು ಹಬ್ಬದಿಂದ ಇನ್ನೊಂದು ಹಬ್ಬ ತಗೊಳ್ತು, ಅದಕ್ಕೇನಾದರೂ ಆತುರ ಇತ್ತಾ?”

ಗೌರಾಂಬಕ್ಕನ ಮುಖ ಕೆಂಪಾಯಿತು. “ನಿನಗೆ ಹೊಟ್ಟೆಕಿಚ್ಚು,” ಅಂದಳು. ಆಮೇಲೆ ತಾನೇ ಮೆತ್ತಗಾಗಿ, ಬುಗುಡಿಯನ್ನು ಮತ್ತೆ ಗಂಟು ಕಟ್ಟುತ್ತ, “ಕಳೆದದ್ದು ತಿರುಗಿ ಬರೋದು ಬೇರೆ ಕಣೇ. ಅದು ನಿನ್ನದೇ, ಬಂತು, ಅದರಲ್ಲೇನಿದೆ? ಗೆದ್ದದ್ದು ಬರೋದು ಬೇರೆ. ಇಷ್ಟು ವರ್ಷ ಬರೆದೆ. ಎಲ್ಲೋ ಯಾರೋ ಒಬ್ಬರು ನನ್ನ ಮಾತು ಓದಿ, ಆಹಾ ಅಂತ ತಲೆ ಆಡಿಸಿದರು ಅಂತ ಒಂದ್ ಸಲ ಗೊತ್ತಾಗಬೇಕು. ಅಷ್ಟೇ,” ಅಂದಳು.

ಟೀ ಲೋಟ ಅವಳ ಮುಂದಿಟ್ಟು ಕೇಳಿದೆ: “ಯಾವ ಮಾತು ಓದಿದರಂತೆ?”

“ಕೇಳಲಿಲ್ಲ.”

“ಕೇಳಕ್ಕ. ಬುಗುಡಿ ಕೊಡೋ ಮೊದಲು ಅದೊಂದು ಕೇಳು.”

ಅವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನನ್ನ ಹೆದರಿಕೆ ಏನೆಂದು ನಿಮಗೆ ಹೊಳೆದಿರಬೇಕು. ಕೈತಪ್ಪಿ ಹೋದದ್ದಾದರೆ ಬರುತ್ತದೆ, ಕದ್ದದ್ದಾದರೂ ಬರುತ್ತದೆ. ಗೌರಾಂಬಕ್ಕ ಬುಗುಡಿಯನ್ನು ಕಳೆದುಕೊಳ್ಳುತ್ತಿರಲಿಲ್ಲ, ಕೊಡುತ್ತಿದ್ದಳು. ಅವಳಂತೆ ಮನಸ್ಸಿಟ್ಟು ಕೊಡುವವರು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಅವಳು ಕೊಟ್ಟ ಒಂದು ಹಿಡಿ ಮೆಂತ್ಯವೂ ಇವತ್ತಿನವರೆಗೆ ತಿರುಗಿ ನೋಡಿಲ್ಲ.

ಮಧ್ಯಾಹ್ನದ ಬಸ್ಸು ಬಂತು. ಯಾರಿಗೂ ಹೇಳಬಾರದ ಸಂಗತಿಯಾದ್ದರಿಂದ ಬೀದಿಯ ಜನವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸೇರಿದ್ದರು. ಮೊದಲು ಒಂದು ಹೊಳೆಯುವ ಬೂಟು ಇಳಿಯಿತು, ಆಮೇಲೆ ಕಪ್ಪು ಕನ್ನಡಕ, ಆಮೇಲೆ ಉಬ್ಬಿದ ಒಂದು ಚೀಲ. ಬಿಸಿಲಿಗೆ ಮುಖ ಹಿಂಡಿ ಆ ವಿಕ್ರಾಂತ್ ಎನ್ನುವವನು ಕೊಡೆ ಬಿಚ್ಚಿದ. ಭುಜಂಗಪ್ಪನವರ ಕೊಡೆ. ಅದು ಬಿಚ್ಚಿಕೊಳ್ಳುವಾಗ ನಿದ್ದೆಯಿಂದ ಎದ್ದವರಂತೆ ಒಂದು ಸಲ ಮೈ ಕೊಡವಿದ್ದು ನನಗೆ ಕಂಡಿತು. ಅವನಿಗೆ ಕಾಣಲಿಲ್ಲ.

“ಗೌರಾಂಬ ಮೇಡಂ ಯಾರು?” ಅಂದ. ಜನ ದಾರಿ ಬಿಟ್ಟರು. ಅವಳು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಇಷ್ಟೊಂದು ಜನ ಯಾಕೆ ಮೇಡಂ?” ಅಂದ.

“ಇವರೆಲ್ಲ ನಮ್ಮೋರೇ ಕಣಪ್ಪ,” ಎಂದು ಗೌರಾಂಬಕ್ಕ ಬುಗುಡಿಯನ್ನು ವೀಳ್ಯದೆಲೆಯ ಮೇಲಿಟ್ಟು, ಎರಡೂ ಕೈಯಿಂದ ಅವನ ಅಂಗೈಗೆ ಇಳಿಸಿದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಬುಗುಡಿ ಅಲುಗಲಿಲ್ಲ. ಹಸಿರೆಲೆಯ ಮೇಲೆ, ಅಲ್ಲೇ ಹುಟ್ಟಿದ ಹಾಗೆ, ತೆಪ್ಪಗೆ ಕೂತವು.

ಅಷ್ಟರಲ್ಲಿ ಕೊಡೆ ಜಗ್ಗಿತು. ಗಾಳಿ ಇರಲಿಲ್ಲ. ಅವನು ಹಿಡಿ ಬಿಗಿ ಮಾಡಿದ. ಕೊಡೆ ಇನ್ನೊಮ್ಮೆ ಜಗ್ಗಿ, ಅವನ ಕೈ ಬಿಡಿಸಿಕೊಂಡು, ತನ್ನನ್ನು ತಾನೇ ಮಡಚಿಕೊಂಡಿತು. ಟಕ್ ಟಕ್ ಟಕ್ ಎಂದು ಕುಪ್ಪಳಿಸುತ್ತ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಭುಜಂಗಪ್ಪನವರ ಕಾಲಿಗೆ ಒರಗಿ ನಿಂತಿತು.

ಗಫೂರಣ್ಣ ಬಸ್ಸಿನ ಮೆಟ್ಟಿಲಿನಿಂದಲೇ, “ಏನ್ ಭುಜಂಗಪ್ಪನೋರೇ, ಫ್ರಿಜ್ಜಿಗೆ ಅಂತ ಕೊಟ್ಟಿದ್ರಲ್ಲ! ಒಂದ್ ಚೂರೂ ಮನಸ್ಸಿರಲಿಲ್ವಾ?” ಎಂದು ಕೂಗಿದರು. ಬೀದಿಯೆಲ್ಲ ನಗು. ಭುಜಂಗಪ್ಪನವರು, “ಮನಸ್ಸಿತ್ತು... ಹಿಡಿ ಒಂದು ಬಿಟ್ಟು,” ಎಂದು ಏನೋ ತೊದಲಿದರು.

ಗೌರಾಂಬಕ್ಕ ನಗಲಿಲ್ಲ. ಕೊಡೆಯನ್ನು ನೋಡಿದಳು, ಆ ಮನುಷ್ಯನ ಬರಿಯ ತಲೆಯನ್ನು ನೋಡಿದಳು. “ಅಲ್ಲಪ್ಪ,” ಅಂದಳು, “ಕೊಡೆ ಕಳಿಸಿದ್ದು ಫ್ರಿಜ್ಜಿನ ತಲೆಗೆ. ನಿನ್ನ ತಲೆ ಮೇಲೆ ಯಾಕಿತ್ತು?”

“ಫ್ರಿಜ್ ಈಗ ನೆರಳಿನಲ್ಲಿದೆ ಮೇಡಂ. ಎಲ್ಲಾ ವ್ಯವಸ್ಥೆ ಆಗಿದೆ. ನಾನು ಬರ್ತೀನಿ, ಟೈಮಾಯ್ತು.”

“ತಾಳು. ನನ್ನ ಯಾವ ವಾಕ್ಯಕ್ಕೆ ಬಂತು ಬಹುಮಾನ?”

“ನಿಮ್ಮ ಎಲ್ಲಾ ವಾಕ್ಯಗಳೂ ಚೆನ್ನಾಗಿದ್ವು ಮೇಡಂ. ಕಮಿಟಿಯವರು ತುಂಬ ಮೆಚ್ಚಿಕೊಂಡರು.”

“ಒಂದು ಹೇಳು.”

ಅವನು ಕನ್ನಡಕ ಸರಿಮಾಡಿಕೊಂಡ. ಬಸ್ಸಿನ ಕಡೆ ನೋಡಿದ. ಎಲ್ಲರೂ ಕಿವಿ ನಿಮಿರಿಸಿ ನಿಂತಿದ್ದರು. “ಅದೇ... ನಿಮ್ಮ ಉತ್ಪನ್ನ ಅತ್ಯುತ್ತಮ, ಮನೆಮಂದಿಗೆಲ್ಲ ಸಂತೋಷ ತರುವ ಏಕೈಕ ಉತ್ಪನ್ನ, ಅಂತ.”

ಗೌರಾಂಬಕ್ಕ ಮಂಡಿಯಿಂದ ಕೈ ತೆಗೆದು ನೆಟ್ಟಗೆ ನಿಂತಳು. ಅವಳು ಅಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ. “ಅತ್ಯುತ್ತಮ!” ಅಂದಳು. “ಏಕೈಕ! ಅಂಥಾ ಸಪ್ಪೆ ಮಾತು ನನ್ನ ಜನ್ಮದಲ್ಲಿ ಬರೆದಿಲ್ಲ ಕಣಯ್ಯ. ನೀನು ನನ್ನದೊಂದು ಸಾಲೂ ಓದಿಲ್ಲ. ಬಹುಮಾನವೂ ಇಲ್ಲ, ಫ್ರಿಜ್ಜೂ ಇಲ್ಲ, ಬಿಸಿಲಲ್ಲಿ ಯಾವ ಜೀವವೂ ನಿಂತಿಲ್ಲ!”

ಅವಳ ಮನಸ್ಸು ತಿರುಗಿದ್ದೇ ತಡ, ಬುಗುಡಿ ಎದ್ದವು. ಮೊದಲು ಒಂದು, ಆಮೇಲೆ ಇನ್ನೊಂದು, ವೀಳ್ಯದೆಲೆಯ ಮೇಲೆ ಸಣ್ಣಗೆ ಹೊರಳಿ ಎದ್ದವು. ಅವನು ಮುಷ್ಟಿ ಕಟ್ಟುವ ಹೊತ್ತಿಗೆ ಬೆರಳ ಸಂದಿಯಿಂದ ಜಾರಿ, ನೆಲಕ್ಕೆ ಹಾರಿ, ಧೂಳಿನಲ್ಲಿ ಎರಡು ಗೆರೆ ಎಳೆಯುತ್ತ ಅವಳ ಸೀರೆಯ ಅಂಚಿಗೆ ಬಂದು ಸೇರಿದವು. ನಾನು ಬಗ್ಗಿ ಎತ್ತಿ ಅವಳ ಕೈಗಿಟ್ಟೆ. ಅವಳು ಅಲ್ಲೇ, ಆ ಬಿಸಿಲಿನಲ್ಲೇ, ಎರಡನ್ನೂ ಕಿವಿಗೆ ಹಾಕಿಕೊಂಡಳು.

ಅವನು ಬಸ್ಸಿನತ್ತ ಒಂದು ಹೆಜ್ಜೆ ಇಟ್ಟ. ಬೂಟುಗಳು ಇಡಲಿಲ್ಲ; ಗೌರಾಂಬಕ್ಕನ ಮಾತು ಅವಕ್ಕೂ ಕೇಳಿಸಿರಬೇಕು. ಅವು ಅವನ ಕಾಲಿನಿಂದ ಕಳಚಿಕೊಂಡು ಸೇತುವೆಯ ಕಡೆ ಹೊರಟವು. ಗಡಿಯಾರ ಮಣಿಕಟ್ಟಿನಿಂದ ಬಿಚ್ಚಿಕೊಂಡು ಹುಳದ ಹಾಗೆ ತೆವಳುತ್ತ ಹಿಂದೆ ನಡೆಯಿತು. ಕನ್ನಡಕವೂ ಮೂಗಿನಿಂದ ಹಾರಿತು. ಚೀಲದ ಬಾಯಿ ತಾನೇ ತೆರೆದುಕೊಂಡಾಗ ನಮಗೆಲ್ಲ ನಗು ನಿಂತುಹೋಯಿತು. ಒಂದು ಬೆಳ್ಳಿಯ ಕುಂಕುಮದ ಭರಣಿ ಬಂತು. ಯಾವುದೋ ಮಗುವಿನ ಕಾಲ್ಗೆಜ್ಜೆ ಬಂತು, ಝಲ್ ಝಲ್ ಎನ್ನುತ್ತ. ಉಂಗುರಗಳು, ಒಂದು ಹಳೆಯ ರೇಡಿಯೊ, ಒಂದು ಮದುವೆಯ ಸೀರೆ ಮಡಿಕೆ ಕೆಡದ ಹಾಗೆ ಜೋಪಾನವಾಗಿ. ಎಲ್ಲೆಲ್ಲಿಯ ಗೌರಾಂಬಕ್ಕಂದಿರೋ, ಏನೇನು ಗೆದ್ದೆವೆಂದು ಕುಣಿದಾಡಿದ್ದರೋ.

ನಾವು ಮಾಡಬೇಕಾದ್ದನ್ನು ಮಾಡಿದೆವು. ಯಾರದ್ದು ಎಂದು ಕೇಳಲಿಲ್ಲ. ಸಾಲಾಗಿ ನಿಂತು, ಚರಂಡಿ ಬಂದಲ್ಲಿ ಎತ್ತಿ ದಾಟಿಸಿ, ಕೈಯಿಂದ ಕೈಗೆ ಕೊಟ್ಟು ಬಸ್ಸು ಹತ್ತಿಸಿದೆವು. ಭುಜಂಗಪ್ಪನವರು ಆ ಸೀರೆಯ ಮೇಲೆ ಬಿಸಿಲು ಬೀಳದಂತೆ ಕೊಡೆ ಹಿಡಿದು ಬಸ್ಸಿನವರೆಗೂ ನಡೆದರು. ಯಾರೂ ಹೇಳಿರಲಿಲ್ಲ.

“ಸೇತುವೆ ಆಚೆ ಇವಕ್ಕೆ ದಾರಿ ಮರೆತುಹೋಗುತ್ತಲ್ಲ ಗಫೂರಣ್ಣ?” ಅಂದೆ.

“ಅವಕ್ಕೆ ಮರೆತರೆ ಏನಂತೆ, ಇವನಿಗೆ ನೆನಪಿದೆ,” ಎಂದು ಗಫೂರಣ್ಣ ವಿಕ್ರಾಂತನ ಹೆಗಲಿಗೆ ಕೈ ಹಾಕಿದರು. “ಬನ್ನಿ ಸಾರ್. ಒಂದೊಂದೇ ಸ್ಟಾಪಿನಲ್ಲಿ ಇಳಿಯೋಣ, ಮನೆ ಬಾಗಿಲಿಗೇ ಮುಟ್ಟಿಸಿ ಬರೋಣ. ಕೊನೇ ಸ್ಟಾಪು ಪೊಲೀಸ್ ಠಾಣೆ. ನಿಮಗೆ ಫುಲ್ ಟಿಕೆಟ್ಟು.” ಬರಿಗಾಲಿನಲ್ಲಿ ಬಿಸಿನೆಲದ ಮೇಲೆ ಕುಣಿಯುತ್ತಿದ್ದವನಿಗೆ ಗೌರಾಂಬಕ್ಕ ತನ್ನ ಹಳೆಯ ಚಪ್ಪಲಿ ಬಿಟ್ಟುಕೊಟ್ಟಳು. ಅವು ತಿರುಗಿ ಬರಲಿಲ್ಲ.

ಬಸ್ಸು ಹೋದ ಮೇಲೆ ಎಲ್ಲರೂ ಅಂಗಡಿಗೆ ಬಂದರು. ಒಬ್ಬರ ಮೇಲೊಬ್ಬರು ಬಿದ್ದು ನಡೆದದ್ದನ್ನೇ ಹೇಳುತ್ತಿದ್ದರು; ಕೊಡೆ ಪ್ರತಿ ಸಲವೂ ಇನ್ನಷ್ಟು ಎತ್ತರ ಹಾರುತ್ತಿತ್ತು. ಭುಜಂಗಪ್ಪನವರಿಗೆ ಸನ್ಮಾನ ಮಾಡಬೇಕು, ಅವರ ಜಿಪುಣತನದಿಂದಲೇ ಊರು ಉಳಿಯಿತು ಎಂದು ಮಾತಾಯಿತು. ಗೌರಾಂಬಕ್ಕ ಮಾತ್ರ ಸ್ಟೂಲಿನ ಮೇಲೆ ಕೂತು, ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಕುಡಿಯದೆ ನೋಡುತ್ತಿದ್ದಳು.

“ಹಂಗಾದ್ರೆ ಯಾರೂ ಓದಿಲ್ಲ ಅಂತಾಯ್ತು,” ಅಂದಳು, ನನಗಷ್ಟೇ ಕೇಳುವ ಹಾಗೆ. ಈ ಸಲ ನಿಜವಾಗಿಯೂ ನನಗಷ್ಟೇ ಕೇಳಿತು.

“ನೀನು ಬರೆದದ್ದರಲ್ಲಿ ನಿನಗೆ ಯಾವುದು ಇಷ್ಟ, ಅದನ್ನ ಹೇಳು.”

“ಈಗ್ಯಾಕೆ ಬಿಡು.”

“ಹೇಳಕ್ಕ.”

ಅವಳು ಗಂಟಲು ಸರಿಮಾಡಿಕೊಂಡಳು. “ಮುಂಗೋಳಿ ಟೀಪುಡಿ ಅಂತ ಒಂದು ಬರ್ತಿತ್ತಲ್ಲ, ಅವರು ಕೇಳಿದ್ರು. ನಾನು ಬರೆದೆ: ಮುಂಗೋಳಿ ಟೀ ಕೈಯಲ್ಲಿದ್ದರೆ ಜಗಳ ಅರ್ಧಕ್ಕೇ ನಿಲ್ಲುತ್ತದೆ, ಲೋಟ ಕೆಳಗಿಟ್ಟು ಬೈಯೋಕೆ ಯಾರಿಗೂ ಮನಸ್ಸು ಬರೋದಿಲ್ಲ.”

ಎಲ್ಲರೂ ತಮ್ಮ ತಮ್ಮ ಕೈಯ ಲೋಟ ನೋಡಿಕೊಂಡರು. ಭುಜಂಗಪ್ಪನವರು ನಿಧಾನವಾಗಿ ತಲೆ ಆಡಿಸಿ, “ಆಹಾ,” ಅಂದರು. “ಇನ್ನೊಂದ್ ಸಲ ಹೇಳಮ್ಮ.” ಅವಳು ಹೇಳಿದಳು. “ನಮ್ಮನೇಲಿ ಹೀಗೇ ಆಗೋದು,” ಎಂದು ಯಾರೋ ಅಂದರು. ಭುಜಂಗಪ್ಪನವರು ಖಾಲಿ ಲೋಟ ಮುಂದೆ ಚಾಚಿ, “ಚಂದ್ರಮ್ಮ, ಇನ್ನೊಂದು ಟೀ ಹಾಕು,” ಅಂದಾಗ, ನನ್ನ ಅಂಗಡಿಯ ಚರಿತ್ರೆಯಲ್ಲೇ ಕೇಳದ ಮಾತು ಕೇಳಿ ನನ್ನ ಕೈಯ ಸೌಟು ಜಾರಿತು.

ಆ ಸಾಲನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಬೇಕು ಅಂದುಕೊಂಡೆ, ಟೀಪುಡಿಯ ಹೆಸರು ತೆಗೆದು. ಈ ಸಾಲಿಗೆ ಬಹುಮಾನ ಏನು ಕೊಡಬೇಕು ಎಂಬುದನ್ನೂ ಅಂದುಕೊಂಡೆ, ಮನಸ್ಸಿನಲ್ಲೇ. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹೆಣ್ಣುದನಿ, ಎಲ್ಲರಿಗೂ ಕೇಳುವಷ್ಟು ಜೋರು: ಅಭಿನಂದನೆಗಳು ಮೇಡಂ, ನಿಮ್ಮ ನಂಬರಿಗೆ ಕಾರು ಬಂದಿದೆ.

ಗೌರಾಂಬಕ್ಕ ಒಂದು ಗುಟುಕು ಟೀ ಕುಡಿದಳು. “ಬಹಳ ಸಂತೋಷ ಕಣಮ್ಮ,” ಅಂದಳು. “ನಂದೇ ಆದರೆ ದಾರಿ ಕೇಳಿಕೊಂಡು ಬರಲಿ ಬಿಡು. ಸೇತುವೆ ದಾಟಿ ಎಡಕ್ಕೆ. ಹಲಗೆ ಅಗಲವಾಗೇ ಇದೆ.” ಆ ಕಡೆಯಿಂದ ಚಾರ್ಜು ಎನ್ನುವ ಮಾತು ಬರುತ್ತಲೂ ಫೋನು ಮಡಿಲಿಗೆ ಹಾಕಿಕೊಂಡಳು. ಅಂಗಡಿ ನಕ್ಕ ನಗೆಗೆ ಚಾವಣಿಯ ಗುಬ್ಬಿ ಎದ್ದು ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಎದ್ದರು. ಕೊನೆಗೆ ಉಳಿದದ್ದು ಅವಳೊಬ್ಬಳೇ. ಮಂಡಿ ಹಿಡಿದುಕೊಂಡು ಎದ್ದು, ಬಾಗಿಲಲ್ಲಿ ನಿಂತು, “ಬೆಳಿಗ್ಗೆ ಹಲಗೆ ಗುಡಿಸಬೇಕೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ ಕಣೇ,” ಅಂದಳು.

“ಗುಡಿಸು,” ಅಂದೆ.

“ಗುಡಿಸ್ತೀನಿ. ಅಭ್ಯಾಸ ಆಗಿಹೋಗಿದೆ,” ಎಂದು ನಕ್ಕು, ಕಿವಿಯಲ್ಲಿ ಬುಗುಡಿ ಹೊಳೆಸುತ್ತ ಹೊರಟಳು.

ನಾನು ಲೋಟ ತೊಳೆಯಲು ಕೂತೆ. ಬೆನ್ನ ಹಿಂದೆ ಏನೋ ಕಿರ್ರೆಂದಿತು. ತಿರುಗಿ ನೋಡಿದರೆ ಹಲಸಿನ ಮರದ ಸ್ಟೂಲು ಒಲೆಯ ಪಕ್ಕದಿಂದ ಹೊರಬಂದಿತ್ತು. ಅಷ್ಟು ವರ್ಷ ಒಂದೇ ಜಾಗದಲ್ಲಿದ್ದ ಕಾಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಹೊಸಿಲು ಇಳಿದು, ಬೀದಿಯಲ್ಲಿ ಅವಳ ಹಿಂದೆ ಮೋಟುಗಾಲಿನಲ್ಲಿ ಓಡತೊಡಗಿತು. ಒದ್ದೆ ಕೈಯಲ್ಲೇ ನಾನೂ ಹಿಂದೆ ಹೋದೆ. ಅವಳ ಮನೆಯ ಹಲಗೆಯ ಬುಡದಲ್ಲಿ ಅದು ನಿಂತುಬಿಟ್ಟಿತು, ಹತ್ತಲು ಗೊತ್ತಾಗದೆ. ಸುತ್ತ ಯಾರಿದ್ದಾರೆಂದು ನೋಡಿ, ಅದರ ಬೆನ್ನಿಗೆ ನಾನೇ ಮೆಲ್ಲಗೆ ಒಂದು ಕೈ ಕೊಟ್ಟೆ.